ಮಣ್ಣಿನ ಗೋಡೆಯ ಪ್ರಾರ್ಥನಾ ಮಂದಿರ

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಡಾರ್ಸೆಟ್ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿ ಪಿಡಲ್ ಎಂಬ ಪುಟ್ಟ ಹೊಳೆ ಹರಿಯುತ್ತದೆ. ದಂಡೆಯ ಅನೇಕ ಹಳ್ಳಿಗಳು ಈ ಹೊಳೆಯ ಹೆಸರನ್ನೇ ಒಂದಿಷ್ಟು ತಿರುಚಿ ತಮ್ಮ ಹೆಸರಿಗೆ ಸೇರಿಸಿಕೊಂಡಿವೆ. ಅಂಥವುಗಳಲ್ಲಿ ಒಂದು ಟಾಲ್‌ಪಡಲ್. ಹನ್ನೊಂದನೆಯ ಶತಮಾನದಲ್ಲಿ ಈ ನೆಲದ ಒಡತಿಯಾಗಿದ್ದ ಟೋಲಾ ಎಂಬಾಕೆಯ ಹೆಸರೂ ಹೊಳೆಯ ಹೆಸರೂ ಕೂಡಿ ಊರಿನ ಹೆಸರಾಯಿತು. ಒಂದು ಬೀದಿ, ಒಂದು ಪುರಾತನ ಚರ್ಚು, ಒಂದು ಭಾರಿ ಮರ, ಸುತ್ತ ಹೊಲ, ಹುಲ್ಲುಗಾವಲು. ಊರು ಇಷ್ಟೆ.

1818ರಲ್ಲಿ ಈ ಊರಿನ ಕೆಲವು ಬಡವರು ಸೇರಿ ತಮಗಾಗಿ ಒಂದು ಪ್ರಾರ್ಥನಾ ಮಂದಿರ ಕಟ್ಟಿಕೊಂಡರು. ಊರಲ್ಲಿ ಚರ್ಚು ಇರಲಿಲ್ಲವೆಂದಲ್ಲ. ಸೇಂಟ್ ಜಾನ್‌ನ ಹೆಸರಿನ ಕಲ್ಲಿನ ಚರ್ಚು ಆಗಲೇ ಶತಮಾನಗಳನ್ನು ಕಂಡಿತ್ತು. ಅದು ಸರ್ಕಾರಿ ಮಾನ್ಯತೆಯ ಆಂಗ್ಲಿಕನ್ ಚರ್ಚು. ಜಮೀನ್ದಾರರೂ ಪಾದ್ರಿಯೂ ಅಲ್ಲಿಯವರು. ಈ ಬಡವರು ಮಾತ್ರ ಮೆಥಡಿಸ್ಟರು. ಅವರ ಮಂದಿರಕ್ಕೆ ಗೋಪುರವಿರಲಿಲ್ಲ, ಬಣ್ಣದ ಗಾಜಿನ ಕಿಟಕಿಯಿರಲಿಲ್ಲ. ಇದ್ದದ್ದು ಒಂದು ಕೋಣೆ, ಅದಕ್ಕೆ ಮಣ್ಣಿನ ಗೋಡೆ.

ಮಣ್ಣಿನ ಗೋಡೆ ಎಂದಾಕ್ಷಣ ಕನಿಕರ ಪಡಬೇಕಾಗಿಲ್ಲ. ಇಂಗ್ಲೆಂಡಿನ ಈ ಭಾಗದಲ್ಲಿ ಇದಕ್ಕೆ 'ಕಾಬ್' ಎಂದು ಹೆಸರು. ಜೇಡಿಮಣ್ಣು, ಒಣಹುಲ್ಲು, ನೀರು ಇವನ್ನು ಸೇರಿಸಿ ಕಾಲಿನಿಂದ ತುಳಿದು ಹದ ಮಾಡುತ್ತಾರೆ. ಡಾರ್ಸೆಟ್‌ನ ನೆಲದಲ್ಲಿ ಸೀಮೆಸುಣ್ಣದ ಕಲ್ಲು ಹೇರಳವಾಗಿರುವುದರಿಂದ ಅದೂ ಸೇರುತ್ತದೆ. ಅಚ್ಚಿಲ್ಲದೆ, ಇಟ್ಟಿಗೆ ಮಾಡದೆ, ಹದಗೊಂಡ ಮಣ್ಣನ್ನು ಒಂದರ ಮೇಲೊಂದು ವರಸೆಯಾಗಿ ಪೇರಿಸುತ್ತಾರೆ. ಒಂದು ವರಸೆ ಗಟ್ಟಿಯಾದ ಮೇಲೆ ಮುಂದಿನದು. ನಮ್ಮ ಬಯಲುಸೀಮೆಯ ಹಳೆಯ ಮನೆಗಳನ್ನು ಕಂಡವರಿಗೆ ಇದು ತೀರಾ ಹೊಸ ಸಂಗತಿಯಲ್ಲ.

ಇಂಥ ಗೋಡೆ ಇನ್ನೂರು ವರ್ಷ ನಿಲ್ಲುವುದು ಹೇಗೆ? ಜೇಡಿಮಣ್ಣಿನ ಕಣಗಳು ತೀರಾ ಸಣ್ಣ ಬಿಲ್ಲೆಗಳಂತೆ ಚಪ್ಪಟೆಯಾಗಿರುತ್ತವೆ. ಎರಡು ಗಾಜಿನ ಹಲಗೆಗಳ ನಡುವೆ ಒಂದು ಹನಿ ನೀರು ಹಾಕಿ ಒತ್ತಿದರೆ ಅವನ್ನು ಬಿಡಿಸುವುದು ಎಷ್ಟು ಕಷ್ಟವೆಂಬುದನ್ನು ವಿದ್ಯಾರ್ಥಿಗಳು ಮನೆಯಲ್ಲೇ ನೋಡಬಹುದು. ಗೋಡೆಯೊಳಗಿನ ಅತ್ಯಲ್ಪ ತೇವ ಅದೇ ರೀತಿ ಕಣಗಳನ್ನು ಹಿಡಿದಿಡುತ್ತದೆ. ಒಣಗುವಾಗ ಬೀಳುವ ಬಿರುಕನ್ನು ಹುಲ್ಲಿನ ಎಳೆಗಳು ಹಂಚಿ ಸಣ್ಣದು ಮಾಡುತ್ತವೆ. ಆದರೆ ನೀರು ಹೆಚ್ಚಾದರೆ ಇದೇ ಗೋಡೆ ಕೆಸರಾಗುತ್ತದೆ. ಆದ್ದರಿಂದ ಅಲ್ಲಿನ ಹಳಬರು, ಕಾಬ್ ಗೋಡೆಗೆ ಒಳ್ಳೆಯ ಬೂಟೂ ಒಳ್ಳೆಯ ಟೋಪಿಯೂ ಬೇಕು ಎನ್ನುತ್ತಾರೆ. ಬೂಟು ಎಂದರೆ ಕೆಳಗಿನ ಕಲ್ಲಿನ ತಳಪಾಯ, ಟೋಪಿ ಎಂದರೆ ಗೋಡೆಯಿಂದ ಹೊರಕ್ಕೆ ಚಾಚಿದ ಮಾಡು.

ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ (1703-1791). ಆಕ್ಸ್‌ಫರ್ಡಿನಲ್ಲಿದ್ದಾಗ ಆತನೂ ಅವನ ತಮ್ಮ ಚಾರ್ಲ್ಸನೂ ಗೆಳೆಯರೂ ಪ್ರಾರ್ಥನೆ, ಓದು, ಜೈಲಿನ ಕೈದಿಗಳ ಭೇಟಿ ಎಲ್ಲಕ್ಕೂ ವೇಳೆ ಗೊತ್ತುಮಾಡಿಕೊಂಡು ನಡೆಯುತ್ತಿದ್ದರು. 'ಮೆಥಡ್' ಹಿಡಿದು ಬದುಕುವವರೆಂದು ಉಳಿದವರು ಗೇಲಿ ಮಾಡಿದರು. ಆ ಗೇಲಿಯ ಹೆಸರೇ ನಿಂತಿತು. 1739ರಲ್ಲಿ ವೆಸ್ಲಿ ಬ್ರಿಸ್ಟಲ್ ಬಳಿ ಬಯಲಿನಲ್ಲೇ ನಿಂತು ಬೋಧಿಸತೊಡಗಿದ. ಕಲ್ಲಿದ್ದಲು ಗಣಿಯವರು, ನೇಕಾರರು, ಹೊಲದ ಕೂಲಿಗಳು ಸಾವಿರಗಟ್ಟಲೆ ಸೇರಿದರು. (ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಮಾತು: ಇದೇ ವೆಸ್ಲಿ 1760ರಲ್ಲಿ ವಿದ್ಯುಚ್ಛಕ್ತಿಯ ಬಗೆಗೆ ಜನಸಾಮಾನ್ಯರಿಗಾಗಿ ಒಂದು ಪುಸ್ತಕವನ್ನೂ ಹೊರತಂದ.)

ಬ್ರಿಸ್ಟಲಿನಲ್ಲಿ ಕಟ್ಟಿದ ಮಂದಿರದ ಸಾಲ ತೀರಿಸಲು 1742ರಲ್ಲಿ ಒಂದು ಉಪಾಯ ಹೂಡಿದರು. ಸದಸ್ಯರನ್ನು ಹನ್ನೆರಡು ಹನ್ನೆರಡು ಮಂದಿಯ ಗುಂಪುಗಳಾಗಿ ಮಾಡುವುದು, ಪ್ರತಿಯೊಬ್ಬನೂ ವಾರಕ್ಕೆ ಒಂದು ಪೆನ್ನಿ ಕೊಡುವುದು, ಗುಂಪಿಗೊಬ್ಬ ಮುಂದಾಳು ಮನೆಮನೆಗೆ ಹೋಗಿ ಅದನ್ನು ಕೂಡಿಸುವುದು. ಸಾಲ ತೀರಿಸಲು ಹುಟ್ಟಿದ ಈ ಏರ್ಪಾಡು ಪಂಥದ ಬೆನ್ನೆಲುಬಾಯಿತು. ಮುಂದಾಳು ಪದವೀಧರನೇ ಆಗಬೇಕೆಂದಿರಲಿಲ್ಲ. ಹಗಲು ನೇಗಿಲು ಹಿಡಿದವನು ಭಾನುವಾರ ಬೋಧಕನಾಗಬಹುದಿತ್ತು. ಹಾಗೆ ಆಗಬೇಕಾದರೆ ಓದಲು ಕಲಿಯಬೇಕು, ನಾಲ್ಕು ಜನರೆದುರು ಎದ್ದು ನಿಂತು ಮಾತಾಡಬೇಕು, ಕೂಡಿಸಿದ ದುಡ್ಡಿಗೆ ಲೆಕ್ಕ ಕೊಡಬೇಕು. ಶಾಲೆಯ ಮುಖ ಕಾಣದ ಸಾವಿರಾರು ಜನರಿಗೆ ಇಂಥ ಹಳ್ಳಿಯ ಮಂದಿರಗಳೇ ಶಾಲೆಗಳಾದವು.

ಈ ವೆಸ್ಲಿಯನ್ ಪಂಥದ ಮಿಷನರಿಗಳು ನಮ್ಮ ಮೈಸೂರು ಸಂಸ್ಥಾನಕ್ಕೂ ಬಂದರು. 1830ರ ದಶಕದಲ್ಲಿ ಥಾಮಸ್ ಹಾಡ್ಸನ್ ತುಮಕೂರಿನ ಬಳಿಯ ಗುಬ್ಬಿಯಲ್ಲಿ ನೆಲೆಯೂರಿದ. ಮುಂದೆ ಮೈಸೂರಿನ ವೆಸ್ಲಿ ಪ್ರೆಸ್ಸು ಅಚ್ಚು ಹಾಕಿದ ಕನ್ನಡ ಪುಸ್ತಕಗಳನ್ನು ಓದಿ ದೊಡ್ಡವರಾದವರು ನಮ್ಮ ಅಜ್ಜಂದಿರ ಕಾಲದಲ್ಲಿ ಬಹಳ ಮಂದಿ.

ಟಾಲ್‌ಪಡಲ್‌ನಲ್ಲಿ ಜಾರ್ಜ್ ಲವ್‌ಲೆಸ್ ಎಂಬ ಕೂಲಿಗಾರನಿದ್ದ. ಮಣ್ಣಿನ ಮಂದಿರ ಎದ್ದಾಗ ಅವನಿಗೆ ವಯಸ್ಸು 21. ತಾನಾಗಿ ಅಕ್ಷರ ಕಲಿತ. ಕೂಲಿಯ ದುಡ್ಡಿನಲ್ಲೇ ಉಳಿಸಿ ಒಂದೊಂದಾಗಿ ಧರ್ಮಗ್ರಂಥಗಳನ್ನು ಕೊಂಡು ಪುಟ್ಟ ಪುಸ್ತಕಭಂಡಾರ ಮಾಡಿಕೊಂಡ. ಹೆಂಡತಿ, ಮೂವರು ಮಕ್ಕಳು. ವಾರವಿಡೀ ನೇಗಿಲು, ಭಾನುವಾರ ಸುತ್ತಲಿನ ಹಳ್ಳಿಗಳಿಗೆ ನಡೆದು ಹೋಗಿ ಬೋಧನೆ. ಅವನ ತಮ್ಮ ಜೇಮ್ಸ್ ಲವ್‌ಲೆಸ್, ಭಾವ ಥಾಮಸ್ ಸ್ಟ್ಯಾಂಡ್‌ಫೀಲ್ಡ್, ಥಾಮಸನ ಮಗ ಜಾನ್ ಎಲ್ಲರೂ ಇದೇ ಸಭೆಯವರು.

1830ರ ಸುಮಾರಿಗೆ ದಕ್ಷಿಣ ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಸಿವು ತಾಂಡವವಾಡುತ್ತಿತ್ತು. ಊರೊಟ್ಟಿನ ಗೋಮಾಳಗಳಿಗೆ ಬೇಲಿ ಬಿದ್ದು ಜಮೀನ್ದಾರರ ಪಾಲಾಗಿದ್ದವು. ತೆನೆ ಬಡಿಯುವ ಯಂತ್ರ ಬಂದು ಚಳಿಗಾಲದ ಕೂಲಿಯೂ ತಪ್ಪಿತ್ತು. 1830ರಲ್ಲಿ ಅನೇಕ ಕಡೆ ಕೂಲಿಗಳು ರೊಚ್ಚಿಗೆದ್ದು ಯಂತ್ರಗಳನ್ನು ಒಡೆದರು, ಬಣವೆಗಳಿಗೆ ಬೆಂಕಿಯಿಟ್ಟರು. ಕೆಲವರು ನೇಣಿಗೆ ಹೋದರು, ನೂರಾರು ಜನ ಗಡೀಪಾರಾದರು.

ಟಾಲ್‌ಪಡಲ್‌ನವರು ಬೆಂಕಿಯಿಡಲಿಲ್ಲ. ಮಾತಿಗೆ ಹೋದರು. ಸುತ್ತಲಿನ ಊರುಗಳಲ್ಲಿ ವಾರಕ್ಕೆ 10 ಷಿಲಿಂಗ್ ಕೂಲಿ ಇತ್ತು. ತಮಗೂ ಅಷ್ಟೇ ಕೊಡಿ ಎಂದು ಕೇಳಿದರು. ಊರಿನ ಪಾದ್ರಿಯ ಎದುರಿನಲ್ಲೇ ಮಾಲಿಕರು ಒಪ್ಪಿದರು ಎಂದು ಲವ್‌ಲೆಸ್ ಮುಂದೆ ಬರೆದಿದ್ದಾನೆ. ಆದರೆ ಕೈಗೆ ಬಂದದ್ದು 9 ಷಿಲಿಂಗ್. ಸ್ವಲ್ಪ ದಿನಕ್ಕೆ ಅದು 8 ಆಯಿತು, ಆಮೇಲೆ 7. ಇನ್ನು ಮುಂದೆ 6 ಎಂದರು. ಕೇಳಹೋದರೆ ಪಾದ್ರಿಗೆ ಆ ಒಪ್ಪಂದದ ನೆನಪೇ ಇರಲಿಲ್ಲ! ಒಂಬತ್ತು ಆರಕ್ಕೆ ಇಳಿದರೆ ಮೂರರಲ್ಲಿ ಒಂದು ಪಾಲು ಹೋಯಿತೆಂದು ಅರ್ಥ. ಹೊಟ್ಟೆಬಟ್ಟೆಗೇ ಸಾಲದ ಕೂಲಿಯಲ್ಲಿ ಮೂರನೆಯ ಒಂದು ಭಾಗ ಕಳೆದರೆ ಏನು ಉಳಿಯುತ್ತದೆಂಬ ಲೆಕ್ಕಕ್ಕೆ ಗಣಿತದ ಮೇಷ್ಟರು ಬೇಕಿಲ್ಲ.

1833ರ ಅಕ್ಟೋಬರಿನಲ್ಲಿ ಇವರು ಕೃಷಿ ಕೂಲಿಗಾರರ ಸ್ನೇಹಸಂಘವೊಂದನ್ನು ಕಟ್ಟಿದರು. ಥಾಮಸ್ ಸ್ಟ್ಯಾಂಡ್‌ಫೀಲ್ಡನ ಮನೆಯ ಮಹಡಿಯ ಕೋಣೆಯಲ್ಲಿ ಸಭೆ. ಸೇರುವಾಗ 1 ಷಿಲಿಂಗ್, ಆಮೇಲೆ ವಾರಕ್ಕೆ 1 ಪೆನ್ನಿ. ಒಂದು ಷಿಲಿಂಗಿಗೆ 12 ಪೆನ್ನಿ. ಅಂದರೆ 7 ಷಿಲಿಂಗ್ ಕೂಲಿಯಲ್ಲಿ 84ನೆಯ ಒಂದು ಭಾಗ ಸಂಘಕ್ಕೆ. ವಾರಕ್ಕೊಂದು ಪೆನ್ನಿ ಎಂಬ ಈ ಲೆಕ್ಕ ಬ್ರಿಸ್ಟಲಿನ ಮಂದಿರದ ಸಾಲದ ಕಥೆ ಓದಿದವರಿಗೆ ಹೊಸದಲ್ಲ. ಸಂಘದ ನಿಯಮಗಳು ಬರಹದಲ್ಲಿದ್ದವು. ಸಭೆಯಲ್ಲಿ ಬೈಗುಳ ಕೂಡದು, ಹಿಂಸೆ ಕೂಡದು ಎಂಬ ಕಟ್ಟುಗಳೂ ಇದ್ದವು. ಮಣ್ಣಿನ ಮಂದಿರದಲ್ಲಿ ಕಲಿತ ಶಿಸ್ತೇ ಮಹಡಿ ಕೋಣೆಗೆ ಹತ್ತಿ ಬಂದಿತ್ತು ಎಂದರೆ ತಪ್ಪಾಗಲಾರದು.

ಒಂದು ವಿಷಯದಲ್ಲಿ ಮಾತ್ರ ಅವರು ಆ ಕಾಲದ ಇತರ ಸಂಘಗಳ ರೂಢಿಯನ್ನೇ ಹಿಡಿದರು. ಹೊಸಬರು ಬಂದಾಗ ಕಣ್ಣಿಗೆ ಬಟ್ಟೆ ಕಟ್ಟಿ, ಅಸ್ಥಿಪಂಜರದ ಚಿತ್ರವೊಂದನ್ನು ತೋರಿಸಿ, ಗುಟ್ಟು ಹೊರಗೆಡಹುವುದಿಲ್ಲವೆಂದು ಆಣೆ ಮಾಡಿಸುತ್ತಿದ್ದರು. ಈಗ ಓದಿದರೆ ನಗು ಬರಬಹುದು. ಅವರ ಕೊರಳಿಗೆ ಉರುಳಾದದ್ದು ಇದೇ.

ಆ ಪ್ರದೇಶದ ದೊಡ್ಡ ಜಮೀನ್ದಾರ ಜೇಮ್ಸ್ ಫ್ರಾಂಪ್ಟನ್. ಅವನೇ ಮ್ಯಾಜಿಸ್ಟ್ರೇಟ್. ಸಂಘದ ಸುದ್ದಿ ಕಿವಿಗೆ ಬಿದ್ದೊಡನೆ ಗೃಹಮಂತ್ರಿ ಲಾರ್ಡ್ ಮೆಲ್ಬರ್ನ್‌ಗೆ ಕಾಗದ ಬರೆದ. ಆದರೆ ಒಂದು ತೊಡಕಿತ್ತು. ಕೆಲಸಗಾರರು ಸಂಘ ಕಟ್ಟಬಾರದೆಂಬ ಕಾಯಿದೆ 1824ರಲ್ಲೇ ರದ್ದಾಗಿತ್ತು. ಸಂಘ ಕಟ್ಟಿದ್ದು ತಪ್ಪಲ್ಲ ಎಂದಾದರೆ ತಪ್ಪು ಯಾವುದು? ಹುಡುಕಿ ತೆಗೆದದ್ದು 1797ರ ಒಂದು ಕಾಯಿದೆ. ನೌಕಾಪಡೆಯ ನಾವಿಕರು ದಂಗೆಯೆದ್ದಾಗ, ಗುಟ್ಟಿನ ಆಣೆ ಮಾಡಿಸುವುದು ಅಪರಾಧವೆಂದು ಮಾಡಿದ್ದ ಕಾಯಿದೆ ಅದು. ನಾವಿಕರಿಗಾಗಿ ಹೆಣೆದ ಬಲೆಯನ್ನು ನೇಗಿಲಯೋಗಿಗಳ ಮೇಲೆ ಬೀಸಿದರು.

1834ರ ಫೆಬ್ರವರಿ 24ರ ನಸುಕಿನಲ್ಲಿ ಜಾರ್ಜ್ ಲವ್‌ಲೆಸ್ ಕೆಲಸಕ್ಕೆ ಹೊರಡುತ್ತಿದ್ದಾಗ ಊರಿನ ಕಾನ್‌ಸ್ಟೆಬಲ್ ಎದುರಾದ. ಆರು ಮಂದಿಯ ಹೆಸರು ವಾರಂಟಿನಲ್ಲಿತ್ತು: ಲವ್‌ಲೆಸ್ ಸೋದರರು, ಸ್ಟ್ಯಾಂಡ್‌ಫೀಲ್ಡ್ ತಂದೆ ಮಗ, ಜೇಮ್ಸ್ ಹ್ಯಾಮೆಟ್, ಜೇಮ್ಸ್ ಬ್ರೈನ್. ಆರರಲ್ಲಿ ಐವರು ಮೆಥಡಿಸ್ಟರು. ತಪ್ಪಿಸಿಕೊಳ್ಳಲು ಯಾರೂ ನೋಡಲಿಲ್ಲ. ಡಾರ್ಚೆಸ್ಟರ್ ಪಟ್ಟಣಕ್ಕೆ ಏಳು ಮೈಲಿ. ಕಾನ್‌ಸ್ಟೆಬಲನ ಜೊತೆ ನಡೆದೇ ಹೋದರು. ಹ್ಯಾಮೆಟ್ ಆ ದಿನ ಸಭೆಯಲ್ಲೇ ಇರಲಿಲ್ಲ, ಇದ್ದವನು ಅವನ ಅಣ್ಣತಮ್ಮಂದಿರಲ್ಲೊಬ್ಬ, ಅವನ ಹೆಂಡತಿ ಬಸುರಿ ಎಂಬ ಕಾರಣಕ್ಕೆ ಈತ ಬಾಯಿ ಬಿಡದೆ ಹೋದ ಎಂಬ ಮಾತಿದೆ.

ಮಾರ್ಚಿನಲ್ಲಿ ವಿಚಾರಣೆ. ಆರೋಪ ನಿಲ್ಲುತ್ತದೆಯೇ ಎಂದು ನೋಡುವ ಪಂಚರಲ್ಲಿ ಫ್ರಾಂಪ್ಟನ್ನನೇ ಇದ್ದ. ಮುಖ್ಯ ಪಂಚ ಗೃಹಮಂತ್ರಿಯ ಭಾವಮೈದುನ. ಸಂಘಕ್ಕೆ ಸೇರಿದ್ದ ಎಡ್ವರ್ಡ್ ಲೆಗ್ ಎಂಬ ಕೂಲಿಗಾರ ಸಾಕ್ಷಿ ಹೇಳಿದ. ಯಾರಿಗೂ ಕೇಡು ಮಾಡಿಲ್ಲ, ಹೆಂಡಿರು ಮಕ್ಕಳು ಉಪವಾಸ ಬೀಳದಿರಲೆಂದು ಒಟ್ಟಾದೆವು ಎಂಬ ಅರ್ಥದ ಹೇಳಿಕೆಯನ್ನು ಜಾರ್ಜ್ ಲವ್‌ಲೆಸ್ ಬರೆದು ನ್ಯಾಯಾಧೀಶ ಜಾನ್ ವಿಲಿಯಮ್ಸ್‌ಗೆ ಕೊಟ್ಟ. ಪ್ರಯೋಜನವಾಗಲಿಲ್ಲ. ಆರೂ ಮಂದಿಗೆ ಏಳು ವರ್ಷ ಗಡೀಪಾರು. ನಮ್ಮಲ್ಲಿ ಕರಿನೀರಿನ ಶಿಕ್ಷೆ ಎನ್ನುತ್ತಿದ್ದರಲ್ಲ, ಅದೇ.

ಐವರನ್ನು ಸರ್ರಿ ಎಂಬ ಹಡಗಿನಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಸಾಗಿಸಿದರು. ಜಾರ್ಜ್ ಕಾಯಿಲೆ ಬಿದ್ದಿದ್ದ. ಅವನನ್ನು ಆಮೇಲೆ ಬೇರೆ ಹಡಗಿನಲ್ಲಿ ಟಾಸ್ಮೇನಿಯಕ್ಕೆ ಕಳಿಸಿದರು. ಸಮುದ್ರದ ಮೇಲೆ ತಿಂಗಳುಗಟ್ಟಲೆ ಪ್ರಯಾಣ. ತಲುಪಿದ ಮೇಲೆ ದನ ಕಾಯುವುದು, ರಸ್ತೆ ಮಾಡುವುದು, ಸಂಬಳವಿಲ್ಲದ ದುಡಿಮೆ. ಇತ್ತ ಊರಿನಲ್ಲಿ ಉಳಿದ ಹೆಂಡಿರು ಮಕ್ಕಳು ಬಡವರಿಗೆ ಸಲ್ಲುವ ನೆರವನ್ನು ಕೇಳಹೋದರೆ ಅದನ್ನೂ ನಿರಾಕರಿಸಿದರು. ಸಂಘಕ್ಕೆ ಕೊಡಲು ಪೆನ್ನಿ ಇದ್ದವರಿಗೆ ನೆರವೇಕೆ ಎಂಬ ವಾದ!

ಪಂಥದ ಹಿರಿಯರಾದರೂ ಬೆಂಬಲಕ್ಕೆ ನಿಂತರೇ? ಇಲ್ಲ. ಜೇಬೆಜ್ ಬಂಟಿಂಗ್ ಮೊದಲಾದ ವೆಸ್ಲಿಯನ್ ಮುಖಂಡರಿಗೆ ರಾಜಕೀಯದ ಗಾಳಿಯೇ ಬೇಡವಾಗಿತ್ತು. ಸರ್ಕಾರದ ಕಣ್ಣಿಗೆ ತಮ್ಮವರು ವಿಧೇಯರಾಗಿ ಕಾಣಬೇಕೆಂಬುದು ಅವರ ಚಿಂತೆ. ಹಳ್ಳಿಯ ಮಂದಿರದಲ್ಲಿ ಬಾಯಿಗೆ ಮಾತು ಕೊಟ್ಟವರೇ ಆ ಮಾತು ಕೂಲಿಯ ಕಡೆಗೆ ತಿರುಗಿದಾಗ ಕಿವಿ ಮುಚ್ಚಿಕೊಂಡರು. ಅವರ ಪಕ್ಷದಲ್ಲೂ ಕಾರಣಗಳಿದ್ದಿರಬಹುದು. ಆದರೂ ಇದು ಪಂಥಕ್ಕೆ ಕೀರ್ತಿ ತರುವ ಅಧ್ಯಾಯವಲ್ಲ.

ನಿಂತವರು ಲಂಡನ್ನಿನ ಕಾರ್ಮಿಕರು. 1834ರ ಏಪ್ರಿಲ್ 21ರಂದು ಕೋಪನ್‌ಹೇಗನ್ ಫೀಲ್ಡ್ಸ್ ಎಂಬ ಬಯಲಿನಲ್ಲಿ ಹತ್ತಾರು ಸಾವಿರ ಮಂದಿ ಸೇರಿ, ಎರಡು ಲಕ್ಷಕ್ಕೂ ಮಿಕ್ಕ ಸಹಿಗಳಿದ್ದ ಮನವಿಯನ್ನು ಗಾಡಿಯ ಮೇಲಿಟ್ಟು ಶಿಸ್ತಿನಿಂದ ಮೆರವಣಿಗೆ ಹೋದರು. ಮೆಲ್ಬರ್ನ್ ಅಂದು ಅದನ್ನು ಸ್ವೀಕರಿಸಲಿಲ್ಲ. ಆದರೆ ಕೂಗು ಅಡಗಲಿಲ್ಲ. ಕೈದಿಗಳ ಮನೆಯವರಿಗಾಗಿ ಹಣ ಕೂಡಿತು. ಪಾರ್ಲಿಮೆಂಟಿನಲ್ಲಿ ಇವರ ಪರವಾಗಿ ಹೋರಾಡಿದವನು ಥಾಮಸ್ ವಾಕ್ಲಿ. ಈತ ವೈದ್ಯ, ಇಂದಿಗೂ ಜಗತ್ತಿನ ವೈದ್ಯರೆಲ್ಲ ಓದುವ 'ಲ್ಯಾನ್ಸೆಟ್' ಪತ್ರಿಕೆಯನ್ನು 1823ರಲ್ಲಿ ಆರಂಭಿಸಿದವನೂ ಈತನೇ. 1835ರಲ್ಲಿ ಷರತ್ತಿನ ಕ್ಷಮೆ ಸಿಕ್ಕಿತು. ಅದು ಸಾಲದೆಂದು ಹಟ ಹಿಡಿದ ಮೇಲೆ 1836ರ ಮಾರ್ಚಿನಲ್ಲಿ ಪೂರ್ಣ ಕ್ಷಮೆ.

ಟಾಸ್ಮೇನಿಯದಲ್ಲಿ ದುಡಿಯುತ್ತಿದ್ದ ಜಾರ್ಜ್ ಲವ್‌ಲೆಸ್‌ಗೆ ತನಗೆ ಕ್ಷಮೆಯಾಗಿರುವ ವಿಷಯ ತಿಳಿದದ್ದು ಕೈಗೆ ಸಿಕ್ಕ ಲಂಡನ್ ಪತ್ರಿಕೆಯೊಂದರಿಂದ. ಅಕ್ಷರ ಬಲ್ಲವನಾದ್ದರಿಂದ ತಿಳಿಯಿತು. 1837ರಲ್ಲಿ ಅವನು ಮರಳಿ ಬಂದು ತಮಗೆ ಆದ ಅನ್ಯಾಯವನ್ನು ವಿವರಿಸಿ ಒಂದು ಕಿರುಪುಸ್ತಕ ಬರೆದ. ಇತರ ನಾಲ್ವರು 1838ರಲ್ಲಿ ಬಂದರು. ಹ್ಯಾಮೆಟ್ ಬಂದದ್ದು 1839ರಲ್ಲಿ.

ಬಂದವರಿಗೆ ಊರಿನಲ್ಲಿ ಬದುಕುವುದು ಸಾಧ್ಯವಾಗಲಿಲ್ಲ. ಬೆಂಬಲಿಗರು ಎಸೆಕ್ಸ್‌ನಲ್ಲಿ ಗುತ್ತಿಗೆಗೆ ಹಿಡಿದುಕೊಟ್ಟ ಜಮೀನಿನಲ್ಲಿ ಕೆಲವು ವರ್ಷ ಬೇಸಾಯ ಮಾಡಿದರು. ಅಲ್ಲಿಯೂ ಜಮೀನ್ದಾರರ ಕಣ್ಣು ಕೆಂಪಾಯಿತು. 1840ರ ದಶಕದಲ್ಲಿ ಐದು ಸಂಸಾರಗಳು ಗಂಟುಮೂಟೆ ಕಟ್ಟಿ ಕೆನಡಾಕ್ಕೆ ಹಡಗು ಹತ್ತಿದವು. ಒಂಟಾರಿಯೋದ ಲಂಡನ್ ಪಟ್ಟಣದ ಸುತ್ತ ನೆಲೆಸಿದರು. ಜೈಲಿನ ಮಾತನ್ನು ಮಕ್ಕಳ ಎದುರಿಗೂ ಎತ್ತಲಿಲ್ಲವಂತೆ. ಆದರೆ ಒಂದು ಅಭ್ಯಾಸ ಬಿಡಲಿಲ್ಲ: ಜಾರ್ಜ್ ಲವ್‌ಲೆಸ್ ಅಲ್ಲಿಯೂ ನೆರೆಯವರನ್ನು ಕೂಡಿಸಿ ಸೈಲೋಮ್ ಎಂಬ ಕಡೆ ಮೆಥಡಿಸ್ಟ್ ಮಂದಿರ ಕಟ್ಟಲು ಕೈಹಾಕಿದ. 1874ರಲ್ಲಿ ತೀರಿಕೊಂಡ. ಸೈಲೋಮ್‌ನ ಸ್ಮಶಾನದಲ್ಲಿ ಅವನ ಸಮಾಧಿಯಿದೆ, ಥಾಮಸ್ ಸ್ಟ್ಯಾಂಡ್‌ಫೀಲ್ಡನದೂ ಅಲ್ಲಿಯೇ.

ಊರಿನಲ್ಲೇ ಉಳಿದವನು ಹ್ಯಾಮೆಟ್ ಒಬ್ಬ. 1875ರಲ್ಲಿ ಕೃಷಿ ಕಾರ್ಮಿಕರ ಹೊಸ ಸಂಘದವರು ಅವನಿಗೆ ಗಡಿಯಾರ ಕೊಟ್ಟು ಸನ್ಮಾನಿಸಿದರು. ಆ ಸಂಘ ಕಟ್ಟಿದ ಜೋಸೆಫ್ ಆರ್ಚ್ ಕೂಡ ಮೆಥಡಿಸ್ಟ್ ಬೋಧಕನೇ. ಕೊನೆಗಾಲದಲ್ಲಿ ಕಣ್ಣು ಮಂಜಾದಾಗ ಮನೆಯವರಿಗೆ ಭಾರವಾಗಬಾರದೆಂದು ಡಾರ್ಚೆಸ್ಟರಿನ ನಿರ್ಗತಿಕರ ದುಡಿಮೆಮನೆ ಸೇರಿ, 1891ರಲ್ಲಿ ಅಲ್ಲಿಯೇ ಸತ್ತ. ಟಾಲ್‌ಪಡಲ್‌ನ ಕಲ್ಲಿನ ಚರ್ಚಿನ ಅಂಗಳದಲ್ಲಿ ಅವನನ್ನು ಹೂಳಿದರು. ಸಮಾಧಿಗೆ ಹೆಸರಿನ ಕಲ್ಲು ನಿಂತದ್ದು 1934ರಲ್ಲಿ. ಕೆತ್ತಿದವನು ಹೆಸರಾಂತ ಶಿಲ್ಪಿ ಎರಿಕ್ ಗಿಲ್.

ಆ 1934 ಗಡೀಪಾರಿನ ನೂರನೆಯ ವರ್ಷ. ಬ್ರಿಟನ್ನಿನ ಕಾರ್ಮಿಕ ಸಂಘಗಳ ಒಕ್ಕೂಟ ಊರಿನಲ್ಲಿ ನಿವೃತ್ತ ಕೃಷಿ ಕೂಲಿಗಾರರಿಗಾಗಿ ಆರು ಮನೆಗಳನ್ನು ಕಟ್ಟಿಸಿತು. ಆರಕ್ಕೂ ಆರು ಜನರ ಹೆಸರು. ಈಗ ಅಲ್ಲಿ ಸಂಗ್ರಹಾಲಯವೂ ಇದೆ. ಪ್ರತಿವರ್ಷ ಜುಲೈನಲ್ಲಿ ಜಾತ್ರೆಯಂತೆ ಜನ ಸೇರುತ್ತಾರೆ. ಸಂಘದವರು ನೆರಳಿಗೆ ಸೇರುತ್ತಿದ್ದರು ಎನ್ನುವ ಸಿಕಮೋರ್ ಮರ ಇನ್ನೂ ಇದೆ. 2005ರಲ್ಲಿ ಕಾಂಡದ ಸುತ್ತಳತೆಯಿಂದ ಲೆಕ್ಕ ಹಾಕಿದಾಗ ಅದು 1680ರ ದಶಕದ್ದೆಂದು ತಿಳಿಯಿತು. ಅಂದರೆ ಆರು ಮಂದಿ ಅದರಡಿ ಕೂತಾಗಲೇ ಅದಕ್ಕೆ ನೂರೈವತ್ತು ವರ್ಷ.

ಇನ್ನು ಮಣ್ಣಿನ ಮಂದಿರ. 1860ರ ದಶಕದ ಆರಂಭದಲ್ಲಿ ಮೆಥಡಿಸ್ಟರು ಅದೇ ಊರಿನಲ್ಲಿ ಹೊಸ ಮಂದಿರ ಕಟ್ಟಿಕೊಂಡರು. ಅದರ ಮುಂದೆ 1912ರಲ್ಲಿ ಆರು ಜನರ ನೆನಪಿಗೆ ಕಮಾನೊಂದು ಎದ್ದಿತು. ಅನಾವರಣ ಮಾಡಿದವನು ಆರ್ಥರ್ ಹೆಂಡರ್ಸನ್. ಆತನೂ ಮೆಥಡಿಸ್ಟ್ ಬೋಧಕ, ಲೇಬರ್ ಪಕ್ಷದ ನಾಯಕ, ಮುಂದೆ 1934ರಲ್ಲಿ ನೊಬೆಲ್ ಶಾಂತಿ ಬಹುಮಾನ ಪಡೆದವನು. ಸನ್ಮಾನವೆಲ್ಲ ಹೊಸ ಮಂದಿರದ ಬಾಗಿಲಿಗೆ ಬಂತು. ಹಳೆಯದು ಮಾತ್ರ ಯಾರದೋ ಹೊಲಮನೆಯ ಉಗ್ರಾಣವಾಗಿ ನೂರೈವತ್ತು ವರ್ಷ ಕಳೆಯಿತು. ಗೋಡೆ ಬಿರಿಯಿತು. ಅಪಾಯದಲ್ಲಿರುವ ಪುರಾತನ ಕಟ್ಟಡಗಳ ಪಟ್ಟಿಗೆ ಅದರ ಹೆಸರು ಸೇರಿತು.

ಊರಿನವರೇ ಒಂದು ಟ್ರಸ್ಟ್ ಮಾಡಿಕೊಂಡು 2015ರಲ್ಲಿ ಅದನ್ನು ಕೊಂಡರು, ಚಂದಾ ಎತ್ತಿ, ಅನುದಾನ ತಂದು ದುರಸ್ತಿಗೆ ಇಳಿದರು. ಇಲ್ಲಿ ಮತ್ತೆ ಸ್ವಲ್ಪ ವಿಜ್ಞಾನ ಬೇಕು. ಕಾಬ್ ಗೋಡೆ ಬಿರಿಯಿತೆಂದು ಸಿಮೆಂಟು ಮೆತ್ತಿದರೆ ಕೆಲಸ ಕೆಡುತ್ತದೆ. ಮಣ್ಣು ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತಿರಬೇಕು. ಸಿಮೆಂಟಿನ ಗಾರೆ ಆ ದಾರಿ ಮುಚ್ಚುತ್ತದೆ. ಗಾರೆಯ ಸಣ್ಣ ಬಿರುಕಿನಿಂದ ಒಳಹೊಕ್ಕ ಮಳೆನೀರು ಹೊರಬರಲಾರದೆ ಗೋಡೆಯ ಹೊಟ್ಟೆಯಲ್ಲೇ ನಿಂತು, ಹೊರಗೆ ನುಣುಪಾಗಿ ಕಾಣುವ ಗೋಡೆ ಒಂದು ದಿನ ಒಳಗಿನಿಂದ ಕುಸಿಯುತ್ತದೆ. ಆದ್ದರಿಂದ ಇಂಥ ಗೋಡೆಗೆ ಬಳಸುವುದು ಮಣ್ಣು ಮತ್ತು ಸುಣ್ಣವನ್ನೇ. ಉದುರಿದ ಕಾಬ್ ಸಹ ವ್ಯರ್ಥವಲ್ಲ. ನೀರಿನಲ್ಲಿ ನೆನೆಸಿ, ಹೊಸ ಹುಲ್ಲು ಸೇರಿಸಿ ತುಳಿದರೆ ಅದೇ ಮಣ್ಣು ಮತ್ತೆ ಗೋಡೆಯಾಗುತ್ತದೆ. ಮೇಲೆ ಸುಣ್ಣ ಬಳಿಯುವ ಕೆಲಸ ಮಾತ್ರ ಕೆಲವು ವರ್ಷಗಳಿಗೊಮ್ಮೆ ಇದ್ದದ್ದೇ.